ತಪ್ಪಿಸಿಕೊಂಡ ಮೀನಿನ ಅಳತೆ

ಕಪಿಲಾ ಹೊಳೆಯ ಸೇತುವೆ ಕೆಳಗೆ ಒಂದು ಚಪ್ಪಟೆ ಬಂಡೆ. ಅದೇ ಆಶ್ರಮ. ಗೋಡೆ ಇಲ್ಲ, ಚಾವಣಿ ಇಲ್ಲ, ಕಾಣಿಕೆ ಡಬ್ಬಿಯಂತೂ ಮೊದಲೇ ಇಲ್ಲ.

ಗುರುಗಳ ಹೆಸರು ಮಂಟೇಲಿಂಗಯ್ಯ. ಕಾವಿ ಗೀವಿ ಏನೂ ಉಡುತ್ತಿರಲಿಲ್ಲ. ಹೆಗಲ ಮೇಲೊಂದು ಟವೆಲ್ಲು, ಕೈಯಲ್ಲೊಂದು ಗಾಳದ ಕೋಲು, ಅಷ್ಟೇ. ಹೊಳೆಯಲ್ಲಿ ಯಾವ ಮೀನು ಎಲ್ಲಿದೆ, ಏನು ಯೋಚನೆ ಮಾಡುತ್ತಿದೆ ಅನ್ನೋದು ಅವರಿಗೆ ಗೊತ್ತು ಅಂತ ಜನ ಹೇಳುತ್ತಿದ್ದರು. ಅವರು ಮಾತ್ರ ಏನೂ ಹೇಳುತ್ತಿರಲಿಲ್ಲ.

ಬಂಡೆಯ ಮೇಲೆ ಅವರ ಜೊತೆ ಇನ್ನಿಬ್ಬರು. ಒಬ್ಬ ಸೈಕಲ್ ರಿಪೇರಿ ಖಾದರ್. ಇನ್ನೊಬ್ಬ ಅಂತೋಣಪ್ಪ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ಊದಿ, ಹಲ್ಲು ಹೋದ ಮೇಲೆ ಮನೆಯಲ್ಲಿ ಕೂತವನು. ಭಾನುವಾರ ಅಂತೋಣಪ್ಪ ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ಮೂವರೂ ಗಾಳ ಹಾಕಿ ಕೂರೋರು.

ಇವರ ಹತ್ತಿರ ಶಿಷ್ಯನಾಗೋಕೆ ಬಂದವನು ಟೈಲರ್ ಶಿವಮಲ್ಲು. ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಬಂದ. ಅವನು ಸ್ನಾನ ಮಾಡುವಾಗಲೂ ಅದನ್ನು ತೆಗೆಯೋದಿಲ್ಲ ಅಂತ ಊರಲ್ಲಿ ಮಾತಿತ್ತು.

"ಗುರುಗಳೇ, ನನಗೆ ಬಾಳೆ ಮೀನು ಹಿಡಿಯೋದು ಕಲಿಸಿ. ದೊಡ್ಡದು."

ಗುರುಗಳು ರಾಗಿ ಹಿಟ್ಟಿನ ಮುದ್ದೆ ಒಂದನ್ನು ಅವನ ಕೈಗಿಟ್ಟರು. "ನಾದು."

"ಬಾಳೆ ಮೀನು ರಾಗಿ ತಿನ್ನುತ್ತಾ?"

"ಇಲ್ಲ. ಅದಕ್ಕೆ ಕೋಳಿ ಕರುಳು ಬೇಕು."

"ಮತ್ತೆ ನಾನು ಇದನ್ನ ಯಾಕೆ ನಾದಬೇಕು?"

"ಕೈ ಸುಮ್ಮನಿದ್ದರೆ ನಿನ್ನ ಬಾಯಿ ಸುಮ್ಮನಿರಲ್ಲ. ನಾದು."

ಹೀಗೆ ಪಾಠ ಶುರುವಾಯಿತು. ನೀರಿನ ಮೇಲೆ ನೆರಳು ಬೀಳದ ಹಾಗೆ ಕೂರೋದು, ದಾರವನ್ನು ಆಚೆಗೆ ಎಸೆದು ಮೆಲ್ಲಗೆ ಈಚೆಗೆ ತರೋದು, ಜೊಂಡಿನ ಅಂಚಿಗೆ ಎರೆ ಬೀಳಿಸೋದು. ಶಿವಮಲ್ಲು ಬೇಗ ಬೇಗ ಕಲಿತ. ಸೂಜಿಗೆ ದಾರ ಪೋಣಿಸುವ ಕೈ ಅಲ್ಲವೇ? ಗಾಳ ಕಟ್ಟೋದರಲ್ಲಿ ಅವನನ್ನು ಮೀರಿಸೋರೇ ಇಲ್ಲ. ದಾರಕ್ಕೆ ಕಟ್ಟಿದ ಬೆಂಡು ತೇಲೋದನ್ನೇ ನೋಡುತ್ತಾ ಕಾಯೋದು ಮಾತ್ರ ಅವನ ಕೈಲಿ ಆಗುತ್ತಿರಲಿಲ್ಲ.

"ಗುರುಗಳೇ, ಬೆಂಡು ಕುಣೀತಿದೆ! ಎಳೀಲಾ?"

"ಸಣ್ಣ ಮೀನು ಕಿತ್ತಾಡುತ್ತೆ. ದೊಡ್ಡದು ಯೋಚನೆ ಮಾಡುತ್ತೆ."

"ಯೋಚನೆ ಮಾಡಿ ಆದಮೇಲೆ?"

"ಆ ಪಾಠ ಕೊನೇದು. ಈಗ ಬೇಡ."

ಆ ಬಂಡೆಯ ಮೇಲೆ ಒಂದು ಪದ್ಧತಿ ಇತ್ತು. ಯಾರ ಗಾಳಕ್ಕೆ ಏನೇ ಬೀಳಲಿ, ಎಲ್ಲವೂ ಒಂದೇ ಮಡಕೆಗೆ. ಸಾರು ಮಾಡೋನು ಅಂತೋಣಪ್ಪ. ಉಂಡಾದ ಮೇಲೆ ಒಬ್ಬೊಬ್ಬರಾಗಿ ತಮ್ಮಿಂದ ತಪ್ಪಿಸಿಕೊಂಡ ಮೀನಿನ ಕಥೆ ಹೇಳಬೇಕು. ಹಿಡಿದ ಮೀನು ಎಲ್ಲರದು, ತಪ್ಪಿಸಿಕೊಂಡದ್ದು ಅವರವರದೇ. ಕೇಳುವವರು ಒಂದೇ ಒಂದು ಪ್ರಶ್ನೆ ಕೇಳಬಹುದಿತ್ತು: "ಆಮೇಲೆ?"

ಅಂತೋಣಪ್ಪನ ಕಥೆ ಯಾವಾಗಲೂ ಒಂದೇ. ಎಂದೋ ಒಂದು ಬಾಳೆ ಮೀನು ಅವನ ಕೋಲನ್ನೇ ಎಳೆದುಕೊಂಡು ಹೋಗಿತ್ತು.

ಆ ಭಾನುವಾರವೂ ಅದೇ ಕಥೆ. "ನೀರಿಂದ ಮೇಲಕ್ಕೆ ಎದ್ದು, ನನ್ನ ಮುಖಾನೇ ನೋಡ್ತು ಕಣ್ರಪ್ಪಾ!" ಅಂದ ಅಂತೋಣಪ್ಪ. ಹೇಳುತ್ತಾ ಹೇಳುತ್ತಾ ಎರಡೂ ಕೈ ಅಗಲಿಸಿದ. "ಇಷ್ಟುದ್ದ!"

"ಆಮೇಲೆ?" ಅಂದ ಖಾದರ್.

ಶಿವಮಲ್ಲು ಎದ್ದು ಬಂದ. "ಒಂದ್ನಿಮಿಷ ಅಂತೋಣಪ್ಪನೋರೇ, ಹಂಗೇ ಇರಿ. ಕೈ ಅಲ್ಲಾಡಿಸಬೇಡಿ."

ಕೊರಳಿಂದ ಟೇಪು ತೆಗೆದ. ಶರ್ಟಿಗೆ ಅಳತೆ ತೆಗೆಯುವ ಹಾಗೆ ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೂ ಅಳೆದೇ ಬಿಟ್ಟ.

"ಹೋದ ವಾರಕ್ಕಿಂತ ಒಂದು ಮೊಳ ಜಾಸ್ತಿ ಬಂತಲ್ಲ! ಮೀನು ಬೆಳೀತಿದೆಯೋ, ನಿಮ್ಮ ಕೈ ಬೆಳೀತಿದೆಯೋ?"

ಖಾದರ್ ಕಿಸಕ್ಕನೆ ನಕ್ಕುಬಿಟ್ಟ. ಅವನು ನಗಬಾರದಿತ್ತು. ಆದರೆ ನಗು ಬಂದರೆ ಯಾರು ಏನು ಮಾಡೋಕಾಗುತ್ತೆ, ಹೇಳಿ.

ಅಂತೋಣಪ್ಪನ ಕೈಗಳು ಗಾಳಿಯಲ್ಲೇ ನಿಂತಿದ್ದವು. ಅವನ್ನು ಎಲ್ಲಿಡಬೇಕು ಅಂತ ಅವನಿಗೆ ತೋಚಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಇಳಿಸಿದ. ದಾರ ಸುತ್ತಿಕೊಂಡ, ಮಡಕೆ ತೊಳೆದು ಬೋರಲು ಹಾಕಿದ, ಹೊರಟುಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಸಾರು ಮಾಡುವ ಕೆಲಸ ಖಾದರ್ ಪಾಲಿಗೆ ಬಂತು. ಪಾಪ, ಸೈಕಲ್ಲಿಗೆ ಗ್ರೀಸು ಹಾಕುವ ಹಾಗೆ ಎಣ್ಣೆ ಹಾಕಿದ್ದ. ಶಿವಮಲ್ಲು ಒಂದು ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿದ.

"ಇದೇನು ಗುರುಗಳೇ ಇದು, ಥೂ!"

ಗುರುಗಳು ಸೊರ್ ಅಂತ ಕುಡಿದರು. "ನಿನ್ನ ಟೇಪಿನ ರುಚಿ."

ಶಿವಮಲ್ಲುವಿಗೆ ಸಿಟ್ಟು ಬಂತು. "ನಾನು ಇದ್ದಿದ್ದನ್ನ ಇದ್ದ ಹಾಗೆ ಹೇಳಿದೆ. ಅದು ತಪ್ಪಾ?"

"ಇಲ್ಲ."

"ಮತ್ತೆ?"

ಗುರುಗಳು ಕೈ ಚಾಚಿದರು. ಶಿವಮಲ್ಲು ಟೇಪು ಕೊಟ್ಟ. ಅವರು ಅದರ ತುದಿಗೆ ಒಂದು ರಾಗಿ ಉಂಡೆ ಮೆತ್ತಿ, ಬೀಸಿ ಹೊಳೆಗೆ ಬಿಟ್ಟರು. ಇನ್ನೊಂದು ತುದಿ ಕಾಲ್ಬೆರಳಿಗೆ ಕಟ್ಟಿಕೊಂಡು ಕೂತರು.

"ಅಯ್ಯೋ ಗುರುಗಳೇ! ನಾಳೆ ಬೆಳಿಗ್ಗೆ ಬ್ಲೌಸು ಅಳತೆ ಇದೆ!"

"ಸುಮ್ನಿರು. ಇದಕ್ಕೆ ಎಷ್ಟು ಮೀನು ಬರುತ್ತೋ ನೋಡೋಣ."

ಸಂಜೆವರೆಗೂ ನೋಡಿದರು. ಒಂದು ಏಡಿ ಬಂದು ರಾಗಿ ತಿಂದು ಹೋಯಿತು. ಟೇಪು ಒದ್ದೆಯಾಗಿ ಒಂದಿಷ್ಟು ಹಿಗ್ಗಿತು. ಮಾರನೆಯ ದಿನ ಹೊಲಿಸಿಕೊಂಡ ಹೆಂಗಸರೆಲ್ಲ ಬ್ಲೌಸು ಬಿಗಿ ಆಯಿತು ಅಂತ ಬೈದರು, ಅದು ಬೇರೆ ಮಾತು.

ಏಳುವಾಗ ಗುರುಗಳು ಹೇಳಿದರು: "ಮಲ್ಲು, ಅಂತೋಣಪ್ಪ ಈ ಬಂಡೆಗೆ ಬರೋ ತನಕ ನಿನಗೆ ಪಾಠ ಇಲ್ಲ."

"ಬರದೇ ಹೋದ್ರೆ?"

"ಖಾದರ್ ಸಾರು ಇದ್ದೇ ಇದೆ."

ಶಿವಮಲ್ಲು ಅಂತೋಣಪ್ಪನ ಮನೆಗೆ ಹೋದ. ಅಂತೋಣಪ್ಪ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ಒಳಗೆ ಟಿ.ವಿ. ಜೋರಾಗಿ ಓಡುತ್ತಿತ್ತು.

"ತಪ್ಪಾಯ್ತು ಅಣ್ಣಾ. ಬಂದ್ಬಿಡಿ."

"ತಪ್ಪೇನಿಲ್ಲ ಬಿಡಪ್ಪ. ನೀನು ಅಳೆದದ್ದು ಸರಿಯಾಗೇ ಇದೆ."

"ಹಾಗಾದ್ರೆ ಬನ್ನಿ."

"ಬಂದು ಏನು ಹೇಳ್ಲಿ? ಈ ಮನೇಲಿ ನಾನು ಮಾತಾಡಿದ್ರೆ ಟಿ.ವಿ. ಸೌಂಡು ಜಾಸ್ತಿ ಮಾಡ್ತಾರೆ. ಇಡೀ ವಾರದಲ್ಲಿ ನನ್ನ ಮಾತಿಗೆ ಆಮೇಲೆ ಅಂತ ಕೇಳ್ತಿದ್ದ ಜಾಗ ಅದೊಂದೇ ಇತ್ತು. ಈಗ ಅಲ್ಲೂ ಬಾಯಿ ತೆಗೆದ್ರೆ ನಿನ್ನ ಟೇಪೇ ಕಣ್ಮುಂದೆ ಬರುತ್ತೆ. ಬೇಡ ಕಣಪ್ಪ."

ಶಿವಮಲ್ಲು ಪೆಚ್ಚುಮೋರೆ ಹಾಕಿಕೊಂಡು ವಾಪಸ್ಸು ಬಂದ.

ಆ ವಾರ ಗುರುಗಳು ನೆಂಟರ ಮದುವೆಗೆ ಅಂತ ಕೊಳ್ಳೇಗಾಲಕ್ಕೆ ಹೋದರು. ಖಾದರ್ ಅಂಗಡಿಯಲ್ಲಿದ್ದ. ಬುಧವಾರ ಬೆಳಿಗ್ಗೆ ಶಿವಮಲ್ಲು ಒಬ್ಬನೇ ಬಂಡೆಗೆ ಹೋದ. ಪಾಠ ಇಲ್ಲದಿದ್ದರೇನು, ಗಾಳ ಇದೆಯಲ್ಲ! ಕೋಳಿ ಕರುಳು ಚುಚ್ಚಿ ಜೊಂಡಿನ ಅಂಚಿಗೆ ಎಸೆದ.

ಬೆಂಡು ಕುಣಿಯಲಿಲ್ಲ. ಮೆಲ್ಲಗೆ ಒಂದು ಪಕ್ಕಕ್ಕೆ ಜರುಗಿತು. ನಿಂತಿತು. ಮತ್ತೆ ಜರುಗಿತು.

ಯೋಚನೆ ಮಾಡುತ್ತಿದೆ!

ಶಿವಮಲ್ಲುವಿನ ಎದೆ ಹೊಲಿಗೆ ಯಂತ್ರದ ಹಾಗೆ ಹೊಡೆದುಕೊಂಡಿತು. ಮುಂದೆ ಏನು ಮಾಡಬೇಕು? ಅದೇ ಕೊನೆಯ ಪಾಠ, ಅದೇ ಅವನಿಗೆ ಆಗಿರಲಿಲ್ಲ. ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದ.

ಹೊಳೆ ಎದ್ದು ನಿಂತಿತು ಅನ್ನಿಸಿತು ಅವನಿಗೆ. ಬೆಳ್ಳಗೆ ಹೊಳೆಯುವ ಬೆನ್ನು, ಮೊರದಷ್ಟು ಅಗಲದ ಬಾಯಿ. ದಾರ ಅವನ ಬೆರಳು ಕೊಯ್ದುಕೊಂಡು ಓಡಿತು. ಬಿಡಬೇಕೋ ಹಿಡಿಯಬೇಕೋ ತಿಳಿಯದೆ ಹಿಡಿದ. ಟಪ್! ದಾರ ತುಂಡಾಗಿ ಅವನು ಬಂಡೆ ಮೇಲೆ ಅಂಗಾತ ಬಿದ್ದ.

ಎದ್ದು ಸುತ್ತಮುತ್ತ ನೋಡಿದ. ನೀರಲ್ಲಿ ಮಲಗಿದ್ದ ಒಂದು ಎಮ್ಮೆ ಬಿಟ್ಟರೆ ಯಾರೂ ಇಲ್ಲ.

ಓಡಿ ಮನೆಗೆ ಹೋದ. "ಲೇ, ಇವತ್ತು ಎಂಥಾ ಮೀನು ಸಿಕ್ಕಿತ್ತು ಗೊತ್ತಾ!"

"ಎಲ್ಲ್ರೀ?" ಅಂದಳು ಹೆಂಡತಿ, ಪಾತ್ರೆ ಹಿಡಿದುಕೊಂಡು.

"ಹೋಯ್ತು."

"ಹೋಗುವಾಗ ತರಕಾರಿ ತಗೊಂಡು ಬರೋಕೆ ಹೇಳಿದ್ದೆ. ಅದೂ ಹೋಯ್ತಾ?"

ಖಾದರ್ ಅಂಗಡಿಗೆ ಓಡಿದ. ಖಾದರ್ ಪಂಕ್ಚರ್ ಹಾಕುತ್ತಾ ಎಲ್ಲಾ ಕೇಳಿದ, ಮೀಸೆಯಲ್ಲೇ ನಕ್ಕ. "ಎಷ್ಟುದ್ದ ಇತ್ತು ಮಲ್ಲಣ್ಣ? ಟೇಪು ಕೊರಳಲ್ಲೇ ಇತ್ತಲ್ಲ, ಅಳೆದುಬಿಡಬೇಕಿತ್ತು."

"ದೇವರಾಣೆ ಖಾದರಣ್ಣ! ಬೆರಳು ನೋಡು, ರಕ್ತ!"

"ಬ್ಲೇಡು ತಾಗಿರಬೇಕು ಬಿಡು."

ಶಿವಮಲ್ಲುವಿಗೆ ಅಳು ಬಂದಂತಾಯಿತು. ನಿಜ ಹೇಳೋಕೆ ಇಷ್ಟು ಕಷ್ಟ ಇದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಇನ್ನು ಆ ಊರಲ್ಲಿ ಉಳಿದಿದ್ದು ಒಂದೇ ಜಗಲಿ.

ಅಂತೋಣಪ್ಪ ತಲೆ ಎತ್ತಿ ನೋಡಿದ. ಶಿವಮಲ್ಲು ನಿಂತ ಕಡೆಯೇ ಬಡಬಡ ಹೇಳಿದ. ಬೆಂಡು ಜರುಗಿದ್ದು, ತಾನು ಎಳೆದದ್ದು, ಬೆನ್ನು ಹೊಳೆದದ್ದು. ಹೇಳಿ ಮುಗಿಸಿ, ಬೈಸಿಕೊಳ್ಳೋಕೆ ತಯಾರಾಗಿ ನಿಂತ.

ಅಂತೋಣಪ್ಪ ಎದ್ದು ಒಳಗೆ ಹೋದ. ಟಿ.ವಿ. ಆಫ್ ಆಯಿತು. ಯಾರೋ ಗೊಣಗಿದರು. ಅವನು ವಾಪಸ್ಸು ಬಂದು ಕೂತ.

"ಆಮೇಲೆ?" ಅಂದ.

ಶಿವಮಲ್ಲು ಜಗಲಿ ಮೇಲೆ ಕುಸಿದು ಕೂತು, ಎಳೆ ಮಗುವಿನ ಹಾಗೆ ಅತ್ತುಬಿಟ್ಟ. ಆಮೇಲೆ ಮೊದಲಿಂದ ಹೇಳಿದ. ಈ ಸಲ ಎಮ್ಮೆಯನ್ನೂ ಬಿಡಲಿಲ್ಲ.

ಅಂತೋಣಪ್ಪ ಹತ್ತಿರ ಜರುಗಿದ. "ಅದರ ಎಡಗಡೆ ಮೀಸೆ ತುಂಡಾಗಿತ್ತಾ?"

ಶಿವಮಲ್ಲು ಮೀನಿನ ಮೀಸೆ ನೋಡಿಯೇ ಇರಲಿಲ್ಲ. ಆ ಗಾಬರಿಯಲ್ಲಿ ಮೀಸೆ ನೋಡೋರು ಯಾರು? ಜನ್ಮದಲ್ಲಿ ಒಂದು ಅಂಗುಲ ಆಚೀಚೆ ಹೇಳಿದವನಲ್ಲ ಅವನು. ಅಂತೋಣಪ್ಪನ ಮುಖ ನೋಡಿದ.

"ತುಂಡಾಗಿತ್ತು ಅಣ್ಣಾ."

"ಹಂಗಾದ್ರೆ ಅದೇ!" ಅಂತೋಣಪ್ಪ ತೊಡೆ ತಟ್ಟಿಕೊಂಡ. "ನಂದೇ ಅದು! ಇನ್ನೂ ಬದುಕಿದೆ! ನಾನು ಹೇಳ್ಲಿಲ್ವಾ?"

ಭಾನುವಾರ ಬೆಳಿಗ್ಗೆ ಅಂತೋಣಪ್ಪ ಮಸಾಲೆ ಡಬ್ಬಿ ಹಿಡಿದು ಬಂಡೆಗೆ ಇಳಿದು ಬಂದ. ಖಾದರ್ ಓಡಿ ಹೋಗಿ ಸೌಟು ಅವನ ಕೈಗೆ ಕೊಟ್ಟ. ಕ್ಷಮೆ ಗಿಮೆ ಅಂತ ಯಾರೂ ಮಾತಾಡಲಿಲ್ಲ. ಸಾರು ಆಯಿತು, ಮಡಕೆ ಖಾಲಿಯೂ ಆಯಿತು.

ಅವತ್ತು ಕಥೆ ಇಬ್ಬರದು, ಮೀನು ಒಂದೇ. ಅಂತೋಣಪ್ಪ ತಲೆಯಿಂದ ಶುರು ಮಾಡಿದ, ಶಿವಮಲ್ಲು ಬಾಲದಿಂದ. ಇಬ್ಬರೂ ಕೈ ಅಗಲಿಸಿದಾಗ ಖಾದರ್‌ಗೆ ಕೂರೋಕೆ ಜಾಗ ಸಾಲಲಿಲ್ಲ. ಅವನು ಬಂಡೆಯ ಅಂಚಿಗೆ ಸರಿದು ಕೂತು, "ಆಮೇಲೆ? ಆಮೇಲೆ?" ಅನ್ನುತ್ತಲೇ ಇದ್ದ.

ಸಂಜೆ ಅಂತೋಣಪ್ಪ, ಖಾದರ್ ಇಬ್ಬರೂ ಹೊರಟರು. ಶಿವಮಲ್ಲು ಗುರುಗಳ ಕೋಲು ಎತ್ತಿಕೊಂಡು ಗುರುಗಳ ಹಿಂದೆ ನಡೆದ. ಹೊಟ್ಟೆ ತುಂಬಿತ್ತು, ಆದರೂ ಒಂದು ಮಾತು ಒಳಗೆ ಕೊರೆಯುತ್ತಿತ್ತು.

"ಗುರುಗಳೇ, ಒಂದು ಕೇಳ್ಲಾ? ನನ್ನ ಮೀನು ನಿಜವಾಗ್ಲೂ ಅಷ್ಟು ದೊಡ್ಡದಿತ್ತು. ಅಂತೋಣಪ್ಪನೋರದು... ಅದೂ ನಿಜವಾ?"

ಗುರುಗಳು ನಕ್ಕರು. "ಬೆಳಿಗ್ಗೆ ನೀನು ಸೌದೆ ತರೋಕೆ ಹೋಗಿದ್ದಾಗ ಅವನೂ ಇದನ್ನೇ ಕೇಳಿದ."

"ಏನಂತ?"

"ಟೈಲರು ಹೇಳೋ ಮೀನು ನಿಜವಾ ಅಂತ."

ಶಿವಮಲ್ಲು ದಾರಿಯಲ್ಲೇ ನಿಂತುಬಿಟ್ಟ. "ಅಯ್ಯೋ! ನೀವೇನಂದ್ರಿ?"

"ನಾನೇ ಕಣ್ಣಾರೆ ನೋಡಿದೆ ಅಂದೆ."

"ನೀವಾ? ಅವತ್ತು ನೀವು ಕೊಳ್ಳೇಗಾಲದಲ್ಲಿ ಮದುವೆ ಊಟ ಮಾಡ್ತಿದ್ರಿ! ಹೊಳೆ ಹತ್ರ ನೀವು ಎಲ್ಲಿದ್ರಿ ಗುರುಗಳೇ?"

ಗುರುಗಳು ಅವನ ಕೈಯಿಂದ ಕೋಲು ತೆಗೆದುಕೊಂಡು ಹೆಗಲಿಗೇರಿಸಿದರು.

"ನೀನಿದ್ದೆಯಲ್ಲಪ್ಪ."