ನೋಟ್‌ಪ್ಯಾಡೂ ಹೊಸ ಪ್ಲಾನರೂ

ಲಗ್ನಪತ್ರಿಕೆ ಕಂಪೋಸ್ ಮಾಡುವ ನೀಲಾಂಬಿಕೆಯವರ ಕಂಪ್ಯೂಟರಿನಲ್ಲಿ ಒಂದು ಹಳೆಯ ನೋಟ್‌ಪ್ಯಾಡ್ ಇತ್ತು. ಅದರ ಪಕ್ಕಕ್ಕೆ ಹೊಸದೊಂದು ಪ್ಲಾನರ್ ಆ್ಯಪ್ ಬಂದು ಕೂತಿತು.

"ನಾನು ಕೆಲಸ ಹಂಚುತ್ತೇನೆ, ನೆನಪಿಸುತ್ತೇನೆ, ಬಣ್ಣ ಹಚ್ಚಿ ತೋರಿಸುತ್ತೇನೆ. ತಮಗೇನು ಬರುತ್ತದೆ?" ಎಂದು ಪ್ಲಾನರ್ ಕೇಳಿತು.

"ತೆರೆದುಕೊಳ್ಳುವುದು ಬರುತ್ತದೆ," ಎಂದಿತು ನೋಟ್‌ಪ್ಯಾಡ್.

ಅಷ್ಟರಲ್ಲಿ ಫೋನ್ ಬಂತು. ಅಚ್ಚಿಗೆ ಹೊರಟಿದ್ದ ಪತ್ರಿಕೆಯಲ್ಲಿ ಮದುಮಗಳ ಸೋದರಮಾವನ ಹೆಸರೇ ಬಿಟ್ಟುಹೋಗಿತ್ತು. ಹಾಗೇ ಅಚ್ಚಾದರೆ ಮಾವ ಮದುವೆಗೆ ಬರುವವನಲ್ಲ. ಹೆಸರು ಬರೆದುಕೊಳ್ಳಲು ನೀಲಾಂಬಿಕೆ ಪ್ಲಾನರ್ ಒತ್ತಿದರು.

"ಸುಸ್ವಾಗತ. ಇಂದು ಏನು ಸಾಧಿಸೋಣ? ಮೊದಲು ನನ್ನ ಹೊಸ ಸೌಲಭ್ಯಗಳನ್ನು ನೋಡಿ," ಎಂದಿತು ಅದು.

"ಈಗ ನಿನ್ನ ಪುರಾಣ ಬೇಡಪ್ಪ," ಎಂದು ಗೊಣಗಿ ಅವರು ನೋಟ್‌ಪ್ಯಾಡ್ ತೆರೆದು ಬರೆದುಕೊಂಡರು. ಮಾವನ ಹೆಸರು ಪತ್ರಿಕೆ ಸೇರಿತು.

ಪ್ಲಾನರ್ ಸಪ್ಪಗಾಯಿತು. "ಸ್ವಾಗತ ಕೋರುವುದು ತಪ್ಪೇ?"

"ತಪ್ಪಲ್ಲ ತಮ್ಮಾ. ಆದರೆ ಮನೆಯವರನ್ನೇ ಬಾಗಿಲಲ್ಲಿ ನಿಲ್ಲಿಸಿ ಕೋರಬಾರದು."

ಮರುದಿನ ನೀಲಾಂಬಿಕೆ ಒತ್ತಿದಾಗ ಪ್ಲಾನರ್ ತುಟಿ ಬಿಚ್ಚದೆ ತೆರೆದುಕೊಂಡಿತು. ಅವರು ಕೆಲಸ ಬರೆದು, ಮುಚ್ಚಿ, ಎದ್ದುಹೋದರು.

"ನನ್ನ ಕಡೆ ನೋಡಲೇ ಇಲ್ಲ," ಎಂದಿತು ಪ್ಲಾನರ್.

"ನಮ್ಮ ಕಸುಬಿನಲ್ಲಿ ಅದೇ ಶಹಬ್ಬಾಸ್‌ಗಿರಿ," ಎಂದಿತು ನೋಟ್‌ಪ್ಯಾಡ್.