ಜೀಪಿನ ಹೊಸ ಫ್ಯಾನು

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಮಠದಲ್ಲಿ ಒಬ್ಬರು ಅಜ್ಜ, ಅವರಿಗೆ ಒಬ್ಬನೇ ಶಿಷ್ಯ, ಇಬ್ಬರಿಗೂ ಸೇರಿ ಒಂದು ಹಳೆಯ ಜೀಪು.

ಅಜ್ಜನ ಹೆಸರು ಅಡವಯ್ಯ. ಶಿಷ್ಯ ದ್ಯಾಮಣ್ಣ, ಮಠಕ್ಕೆ ಬರುವ ಮೊದಲು ಪೇಟೆಯಲ್ಲಿ ಗ್ಯಾರೇಜು ಇಟ್ಟಿದ್ದವನು. ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ಜಡ್ಡಾದರೂ, ಯಾರಿಗೆ ಹೆರಿಗೆ ನೋವು ಬಂದರೂ, ಗುಡ್ಡ ದಾಟಿಸಿ ಆಸ್ಪತ್ರೆಗೆ ಮುಟ್ಟಿಸುವುದು ಈ ಜೀಪೇ. ನಮ್ಮ ಮಠದ ಪೂಜೆ ಇದೊಂದೇ ಎಂದು ಅಜ್ಜ ಹೇಳುತ್ತಿದ್ದರು.

ಒಂದು ದಿನ ದ್ಯಾಮಣ್ಣ ಬಾನೆಟ್ ಎತ್ತಿ ನಿಲ್ಲಿಸಿ ಅಜ್ಜನನ್ನು ಕರೆದ.

"ಅಜ್ಜಾರ, ಎಂಜಿನ್ ತಂಪು ಮಾಡೂ ಈ ಫ್ಯಾನ್ ನೋಡ್ರಿ. ಬೆಲ್ಟ್ ಕಟಗೊಂಡು ಎಂಜಿನ್ನೇ ಇದನ್ನ ತಿರುಗಿಸಬೇಕು. ಕಾದ್ರೂ ತಿರುಗತೈತಿ, ಕಾಯದಿದ್ರೂ ತಿರುಗತೈತಿ. ಏರಿನಾಗ ಗಾಡಿ ಕಸುವೆಲ್ಲಾ ಇದೇ ತಿಂತೈತಿ. ಇದನ್ನ ತಗದು ಕರೆಂಟಿನ ಫ್ಯಾನ್ ಹಾಕ್ತೀನ್ರಿ. ಬ್ಯಾಟರಿ ಮ್ಯಾಲೆ ನಡೀತೈತಿ. ಎಂಜಿನ್ ಕಾದ್ರ ತಾನೇ ಶುರು ಆಗತೈತಿ, ಆರಿದ್ರ ತಾನೇ ನಿಲ್ಲತೈತಿ."

"ತಾನೇ?"

"ತಾನೇ, ಅಜ್ಜಾರ. ನಾವು ನೋಡೂದೇ ಬ್ಯಾಡ."

ಅಜ್ಜ ಬಗ್ಗಿ ಹಳೆಯ ಫ್ಯಾನನ್ನು ನೋಡಿದರು.

"ಹಾಕು," ಅಂದರು.

ಎರಡು ದಿನದ ಕೆಲಸ. ಹಳೆಯ ಕಬ್ಬಿಣದ ರೆಕ್ಕೆ ಮೂಲೆ ಸೇರಿತು. ಹೊಸದು ರೇಡಿಯೇಟರಿಗೆ ಅಂಟಿಕೊಂಡು ಕೂತಿತು. ಜೀಪಿನ ಹುಯಿಲು ಅಡಗಿತು. ಗುಡ್ಡದ ಏರನ್ನು ಅದು ಹರೆಯ ಬಂದ ಎತ್ತಿನಂತೆ ಹತ್ತತೊಡಗಿತು. ನೋವು ತಿನ್ನುತ್ತಿದ್ದ ಬಸುರಿಯೊಬ್ಬಳನ್ನು ದ್ಯಾಮಣ್ಣ ಅರ್ಧ ತಾಸು ಮೊದಲೇ ಆಸ್ಪತ್ರೆಗೆ ಮುಟ್ಟಿಸಿದ. ತಾಯಿ, ಮಗು ಇಬ್ಬರೂ ಉಳಿದರು.

ಮೊದಲು ಹಳೆಯ ಫ್ಯಾನಿನ ಭಾರಕ್ಕೆ ಬೆಲ್ಟು ಮೇಲಿಂದ ಮೇಲೆ ಸಡಿಲಾಗುತ್ತಿತ್ತು. ಅದಕ್ಕಾಗಿ ದ್ಯಾಮಣ್ಣ ದಿನಾ ಬೆಳಿಗ್ಗೆ ಬಾನೆಟ್ ಎತ್ತಿ ಎಲ್ಲ ಕಡೆ ಕೈಯಾಡಿಸಿ ನೋಡುತ್ತಿದ್ದ. ಈಗ ಬೆಲ್ಟು ಸಡಿಲಾಗುವುದು ನಿಂತಿತು. ಬಾನೆಟ್ ಎತ್ತುವುದೂ ನಿಂತಿತು.

ಒಂದು ಮಧ್ಯಾಹ್ನ ಕಬ್ಬಿನ ಹೊಲದಲ್ಲಿ ಹೊನಕೇರಪ್ಪ ಎಂಬವನಿಗೆ ಹಾವು ಕಚ್ಚಿತು. ಇನ್ನೂ ಮೂವತ್ತು ತುಂಬದ ಗಂಡಸು. ಹೆಂಡತಿ ನೀಲವ್ವ ಇಪ್ಪತ್ತು ದಿನದ ಬಾಣಂತಿ, ಕೂಸಿನೊಂದಿಗೆ ಮನೆಯಲ್ಲೇ ಉಳಿದಳು. ಹೊನಕೇರಪ್ಪನ ತಮ್ಮ ಜೊತೆಗೆ ಜೀಪು ಹತ್ತಿದ. ದ್ಯಾಮಣ್ಣ ಜೀಪನ್ನು ಗಾಳಿಯಂತೆ ಓಡಿಸಿದ.

ಏರಿನ ನಡುವೆ ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಆಮೇಲೆ ಕುದಿಯುವ ಸದ್ದು ಕೇಳಿತು. ಎಂಜಿನ್ ನಿಂತಿತು.

ಹೊಸ ಫ್ಯಾನು ತಿರುಗುತ್ತಿರಲಿಲ್ಲ. ಅದರ ವೈರು ಕಬ್ಬಿಣದ ಪಟ್ಟಿಗೆ ದಿನಾ ಉಜ್ಜಿ ಉಜ್ಜಿ, ಮೇಲಿನ ಸಿಪ್ಪೆ ಸವೆದು, ಫ್ಯೂಸು ಸುಟ್ಟುಹೋಗಿತ್ತು.

ಹೊನಕೇರಪ್ಪನ ತಮ್ಮ ಬೇರೆ ಗಾಡಿ ತರುತ್ತೇನೆಂದು ಹೆದ್ದಾರಿಯ ಕಡೆ ಓಡಿದ. ದ್ಯಾಮಣ್ಣ ಸವೆದ ವೈರಿಗೆ ಬಟ್ಟೆ ಸುತ್ತಿದ, ಫ್ಯೂಸಿನ ಜಾಗಕ್ಕೆ ತಂತಿ ಕಟ್ಟಿದ, ಎಂಜಿನ್ ಆರುವ ತನಕ ಕಾದ, ಜೀಪಿನಲ್ಲಿದ್ದ ಒಂದೇ ಕ್ಯಾನಿನ ನೀರನ್ನು ರೇಡಿಯೇಟರಿಗೆ ಸುರಿದ. ಮುಕ್ಕಾಲು ತಾಸು ಹೋಯಿತು.

ಆಸ್ಪತ್ರೆ ಮುಟ್ಟಿದಾಗ ಹೊನಕೇರಪ್ಪನ ಉಸಿರು ನಿಂತಿತ್ತು. ಮೊದಲೇ ಬಂದಿದ್ದರೆ ಉಳೀತಿದ್ದನೇ ಎಂದು ದ್ಯಾಮಣ್ಣ ಕೇಳಿದ. ಹೇಳಲಿಕ್ಕೆ ಬರೂದಿಲ್ಲ ಅಂದರು ಡಾಕ್ಟರು.

ಮಠಕ್ಕೆ ಬಂದವನೇ ಅವನು ಅಜ್ಜನ ಮುಂದೆ ಕೂತು ಎಲ್ಲವನ್ನೂ ಹೇಳಿದ. ಒಂದನ್ನು ಬಿಟ್ಟು.

ಮರುದಿನ ಹೊಸ ಫ್ಯಾನನ್ನು ಕಿತ್ತು ಗೋಡೆಯ ಬುಡಕ್ಕೆ ಒಗೆದ. ಮೂಲೆಯಿಂದ ಹಳೆಯದನ್ನು ಎತ್ತಿ ತಂದ.

ಅಜ್ಜ ಬಂದು ನಿಂತರು. "ಗುಡ್ಡ ಏರಾಕ ಯಾವುದು ಛಲೋ?"

"ಹೊಸಾದು."

"ಮತ್ತ?"

"ಅದು ಜೀವ ತಗೊಂಡೈತ್ರಿ, ಅಜ್ಜಾರ."

"ವೈರು ಒಂದ ದಿನದಾಗ ಸವದಿತ್ತೇನು?"

ದ್ಯಾಮಣ್ಣ ತಲೆ ತಗ್ಗಿಸಿದ. "ಇಲ್ರಿ. ತಿಂಗಳಾಗಿರಬೇಕು. ನಾ ನೋಡಲಿಲ್ಲ."

"ಹಂಗಾರ ಫ್ಯಾನಿಗ್ಯಾಕ ಶಿಕ್ಷಾ ಕೊಡ್ತೀ? ಹಾಕು ಅದನ್ನ. ನಾಳಿ ಯಾರಾರ ಜಡ್ಡಿನವರು ಬಂದ್ರ ಅವರನ್ನ ಕುಂಡ್ರಿಸ್ಕೊಂಡು ಹೋಗ್ತೀಯೋ, ನಿನ್ನ ದುಃಖಾನೋ?"

ದ್ಯಾಮಣ್ಣ ಹೊಸದನ್ನೇ ಮತ್ತೆ ಕೂಡಿಸಿದ. ಈ ಸಲ ವೈರಿಗೆ ರಬ್ಬರಿನ ಕೊಳವೆ ಹಾಕಿದ. ಎರಡು ಫ್ಯೂಸುಗಳನ್ನು ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗಿಟ್ಟ. ಕೆಲಸ ಮುಗಿಯಿತು. ಎದೆ ಹಗುರಾಗಲಿಲ್ಲ.

ಊಟಕ್ಕೆ ಕೂತಾಗ ಅಜ್ಜ ನೀರಿನ ತಂಬಿಗೆ ಮುಂದಿಟ್ಟರು. ಅವನು ಅದನ್ನು ಮೆಲ್ಲಗೆ ಆಚೆ ಸರಿಸಿದ. ಮರುದಿನವೂ ಸರಿಸಿದ.

ಮೂರನೆಯ ದಿನ ಅಜ್ಜ ಕೇಳಿದರು. "ದ್ಯಾಮಾ, ವೈರು ಸವದಿದ್ದು ತಿಳೀತು. ಫ್ಯೂಸು ಸುಟ್ಟಿದ್ದೂ ತಿಳೀತು. ನೀ ನೀರು ಯಾಕ ಮುಟ್ಟವಲ್ಲಿ?"

ದ್ಯಾಮಣ್ಣ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ.

"ಅಂವ ನೀರು ಕೇಳಿದ, ಅಜ್ಜಾರ. ಅಂವನ ತಮ್ಮ ಓಡಿದ ಮ್ಯಾಲೆ. ಗಾಡ್ಯಾಗ ನಾವಿಬ್ಬರ ಇದ್ವಿ. ಇದ್ದದ್ದು ಒಂದ ಕ್ಯಾನು. ನಾ ಅದನ್ನ ಎಂಜಿನ್ನಿಗೆ ಹಾಕಿದೆ."

ಅಜ್ಜ ಅವನ ಹೆಗಲ ಮೇಲೆ ಕೈಯಿಡಲಿಲ್ಲ. ನಿನ್ನ ತಪ್ಪಲ್ಲ ಅನ್ನಲಿಲ್ಲ. ತಪ್ಪು ಅಂತಲೂ ಅನ್ನಲಿಲ್ಲ.

"ಈ ಮಾತು ನನ್ನದಲ್ಲ," ಅಂದರು. "ಯಾರದೈತೋ ಅವರಿಗೆ ಮುಟ್ಟಿಸು. ಏಳು."

"ಈಗಲೇ?"

"ನಿನ್ನ ಹತ್ರ ಇದ್ದಷ್ಟೂ ಅದು ನಿನ್ನದ ಆಗಿಬಿಡತೈತಿ."

ಇಬ್ಬರೂ ಹೊಲದ ಬದುವಿನ ಮೇಲೆ ಹೊನಕೇರಪ್ಪನ ಮನೆಗೆ ನಡೆದು ಹೋದರು. ಬಿಸಿಲಿತ್ತು. ದಾರಿಯುದ್ದಕ್ಕೂ ದ್ಯಾಮಣ್ಣ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿದ, ಕೆಡವಿದ, ಮತ್ತೆ ಜೋಡಿಸಿದ.

ನೀಲವ್ವ ಬಾಗಿಲ ಬಳಿ ಕೂಸಿಗೆ ಮೊಲೆಯೂಡುತ್ತಿದ್ದಳು. ಅಜ್ಜನನ್ನು ಕಂಡು ಸೆರಗು ಸರಿಮಾಡಿಕೊಂಡು ಏಳಲು ಹೋದಳು. ಅಜ್ಜ ಕೂಡು ಎಂದು ಕೈಸನ್ನೆ ಮಾಡಿ, ತಾವು ಅಂಗಳದ ಕಲ್ಲಿನ ಮೇಲೆ ಕೂತರು.

"ತಂಗೀ," ಅಂದ ದ್ಯಾಮಣ್ಣ. "ಗಾಡಿ ಕೆಟ್ಟಿದ್ದು ನನ್ನಿಂದ. ನಾ ದಿನಾ ನೋಡ್ತಿದ್ರ ಕೆಡ್ತಿರಲಿಲ್ಲ."

ಅವಳು ಕೂಸಿನ ತಲೆಯ ಮೇಲೆ ಕೈಯಾಡಿಸಿದಳು. ಆಮೇಲೆ ತಾನೇ ಕೇಳಿದಳು.

"ಅಣ್ಣಾರ, ಅವರು ಏನಾರ ಅಂದ್ರೇನು? ಮೈದುನನ್ನ ಕೇಳಿದೆ. ನಾ ಅಲ್ಲಿರಲಿಲ್ಲ ವೈನೀ, ಅಂದ. ಮಾತೇ ಆಡದ ಹೋದ್ರೇನು?"

"ಆಡಿದ್ರು. ನೀರು ಕೇಳಿದ್ರು."

"ಕೊಟ್ರೇನು?"

"ಇಲ್ಲ ತಂಗೀ. ಇದ್ದ ನೀರು ಎಂಜಿನ್ನಿಗೆ ಹಾಕಿದೆ. ಬ್ಯಾಗ ಮುಟ್ಟಿಸಬೇಕು ಅಂತ."

ಅವಳ ಕೈ ಕೂಸಿನ ತಲೆಯ ಮೇಲೆ ನಿಂತಿತು.

"ಎಷ್ಟು ಸಲ ಕೇಳಿದ್ರು?"



"ಎರಡು ಸಲ."

"ನೀವೇನಂದ್ರಿ?"

"ಒಂದೀಟು ತಡೀ ತಮ್ಮಾ, ಅಂದೆ. ಹೂಂ ಅಂದ್ರು. ಆಮ್ಯಾಲೆ ಕೇಳಲಿಲ್ಲ."

"ಹೂಂ ಅಂದ್ರಾ," ಅಂದಳು ನೀಲವ್ವ, ತನಗೆ ತಾನೇ ಎಂಬಂತೆ. "ಅವರು ಎಂದೂ ಹಂಗ. ಯಾರೇನು ಹೇಳಿದ್ರೂ ಹೂಂ ಅಂತಿದ್ರು."

ಕೂಸನ್ನು ಎದೆಗೆ ಅವಚಿಕೊಂಡು ಎದ್ದು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಮತ್ತೆ ಹೊರಗೂ ಬರಲಿಲ್ಲ.

ದ್ಯಾಮಣ್ಣ ಕಾದ. ಬೇವಿನ ಗಿಡದ ನೆರಳು ಅಂಗಳದ ಆ ಕಡೆಯಿಂದ ಈ ಕಡೆಗೆ ಬಂತು. ಅಜ್ಜ ಕಲ್ಲಿನಿಂದ ಎದ್ದು ಬದುವಿನ ಹಾದಿ ಹಿಡಿದರು. ಅವನು ಹಿಂದೆ ಹೊರಟ.

ನಡೆದು ನಡೆದು ಹೊಳೆ ಕಂಡಿತು.

"ಬೈಲಿಲ್ಲ," ಅಂದ ದ್ಯಾಮಣ್ಣ. ಅವನ ಕಣ್ಣು ತುಂಬಿ ಹರಿಯುತ್ತಿತ್ತು. "ಶಾಪಾ ಹಾಕಲಿಲ್ಲ. ಹೋಗ್ಲಿ ಬಿಡ್ರಿ ಅಂತನೂ ಅನ್ನಲಿಲ್ಲ. ಬರಿಗೈಲೆ ಹೊಂಟೀನಿ, ಅಜ್ಜಾರ."

ಅಜ್ಜ ತಿರುಗಿ ನೋಡದೆ, ನಡೆಯುತ್ತಲೇ ಕೇಳಿದರು:

"ನೀ ಹೋಗಿದ್ದು ತರಾಕೋ, ಕೊಡಾಕೋ?"