ಸೀತಾಫಲಕ್ಕೆ ಮೈತುಂಬ ಉಬ್ಬು ಬಂದದ್ದು, ಅಳಿಲಿನ ಹೆಬ್ಬೆರಳು ಹೋದದ್ದು

ಲೋಕ ಆಗಷ್ಟೇ ಹೊಸದಾಗಿತ್ತು. ಎಷ್ಟು ಹೊಸದು ಅಂದರೆ, ಅಂಗಡಿಯಿಂದ ತಂದ ಬಟ್ಟೆಯ ಹಾಗೆ ಅದಕ್ಕಿನ್ನೂ ಗಂಜಿ ಬಿಟ್ಟಿರಲಿಲ್ಲ. ಬಂಡೆ ಮುಟ್ಟಿದರೆ ಬೆಚ್ಚಗಿತ್ತು. ಹಳ್ಳದ ನೀರಿಗೆ ಯಾವ ಕಡೆ ಹರಿಯಬೇಕು ಅಂತ ಗೊತ್ತಿರಲಿಲ್ಲ, ಬೆಳಿಗ್ಗೆ ಈ ಕಡೆ, ಸಂಜೆ ಆ ಕಡೆ ಹರಿಯುತ್ತಿತ್ತು. "ಇಳಿಜಾರು ಎಲ್ಲಿದೆಯೋ ಅಲ್ಲಿಗೆ ಹೋಗಪ್ಪಾ" ಅಂತ ಅದಕ್ಕೆ ದಾರಿ ತೋರಿಸಿದವನು ನಾನೇ.

ನಗಬೇಡ ಚಂಪಿ. ಇದು ನಿಮ್ಮಮ್ಮ ಹುಟ್ಟುವುದಕ್ಕೂ ಮುಂಚಿನ ಮಾತು. ಅವಳು ನನಗಿಂತ ದೊಡ್ಡವಳು ಅಂತ ಹೇಳಿಕೊಂಡು ತಿರುಗುತ್ತಾಳೆ, ಆ ವಿಷಯ ಬೇರೆ.

"ನಾನು ನಗ್ತಿಲ್ಲ ಮಾವ. ಹಣ್ಣು ಯಾವಾಗ ಕೊಡ್ತಾರೆ?"

ನೋಡು ಮತ್ತೆ! ತಿಪ್ಪಮ್ಮನವರ ಸೀತಾಫಲದ ತೋಟಕ್ಕೆ ಮನೆಮಂದಿಯೆಲ್ಲ ಬಂದು ಇನ್ನೂ ಬುತ್ತಿ ಕೂಡ ಬಿಚ್ಚಿಲ್ಲ. ಅಷ್ಟರಲ್ಲಿ ನೀನು ತೋಟವನ್ನೆಲ್ಲ ಸುತ್ತಿ ಬಂದೆ. ನಿಮ್ಮಮ್ಮ ಕೈಗೆ ಸಿಕ್ಕ ಹಣ್ಣನ್ನೆಲ್ಲ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ತಿಪ್ಪಮ್ಮನವರು "ಕಣ್ಣಲ್ಲಿ ನೋಡಿ ಸಾಕಮ್ಮಾ, ಒತ್ತಬೇಡಿ, ಕಪ್ಪಾಗ್ತವೆ" ಅಂತ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಬುಟ್ಟಿ ತುಂಬುವವರೆಗೆ ಇಲ್ಲಿ ನೆರಳಲ್ಲಿ ಕೂರು. ಕೂರಲಾಗದಿದ್ದರೆ ನಿಂತುಕೋ. ನಿಲ್ಲಲೂ ಆಗದಿದ್ದರೆ ನನ್ನ ಸುತ್ತಲೇ ಓಡು, ಕಥೆ ಹೇಗಿದ್ದರೂ ಕಿವಿಗೆ ಬೀಳುತ್ತೆ.

ಆ ಕಾಲದಲ್ಲಿ ಸೀತಾಫಲ ಹೀಗಿರಲಿಲ್ಲ. ನಿಂಬೆಹಣ್ಣಿನ ಹಾಗೆ ನುಣ್ಣಗಿತ್ತು. ಅಳಿಲೂ ಹೀಗಿರಲಿಲ್ಲ. ಕೂತರೆ ಕೂತಲ್ಲೇ, ಕಲ್ಲಿನ ಹಾಗೆ. ಅದರ ಬೆನ್ನ ಮೇಲೆ ಜೇಡ ಬಲೆ ಕಟ್ಟಿ, ಸಂಸಾರ ಮಾಡಿ, ಮೊಮ್ಮಕ್ಕಳನ್ನು ಕಂಡಿದ್ದೂ ಉಂಟು. ಆಮೇಲೆ, ಅಳಿಲಿನ ಮುಂಗಾಲಿಗೆ ಆಗ ನಮ್ಮ ಹಾಗೇ ಹೆಬ್ಬೆರಳಿತ್ತು.

ಸೀತಾಫಲಕ್ಕೆ ಒಂದು ದೊಡ್ಡ ಕಷ್ಟವಿತ್ತು. ಕಾಯಿಯಾಗಿದ್ದಾಗಲೂ ಹಸಿರು, ಹಣ್ಣಾದಾಗಲೂ ಹಸಿರು. ಹಣ್ಣಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬಂದವರೆಲ್ಲ ಹೆಬ್ಬೆರಳಿಟ್ಟು ಒತ್ತುತ್ತಿದ್ದರು. "ಬರೀ ಒಂದು ಸಲ, ಮೆಲ್ಲಗೆ" ಅನ್ನುವುದು, ಒತ್ತುವುದು. "ಇನ್ನೂ ಕಾಯಿ" ಅನ್ನುವುದು, ಹೋಗುವುದು. ಒತ್ತಿದ ಜಾಗ ಕಪ್ಪಾಗಿ, ಕೊಳೆತು, ಬೀಜ ಬಲಿಯುವ ಮುಂಚೆಯೇ ಕಾಯಿ ಉದುರುತ್ತಿತ್ತು. ಅದಕ್ಕೇ ಇಡೀ ಲೋಕದಲ್ಲಿ ಸೀತಾಫಲದ ಮರ ಅಂತ ಇದ್ದದ್ದು ಒಂದೇ ಒಂದು. ಅದೂ ಮುದಿಮರ.

ಮಳೆಗಾಲ ಹಿಂದೆ ಸರಿದು, ಹುಲ್ಲು ಹಳದಿಗೆ ತಿರುಗುವ ಹೊತ್ತು. ಇವತ್ತಿನಂಥದೇ ದಿನ. ಅಳಿಲಕ್ಕ ಗಂಡ, ಅತ್ತೆ, ಮಕ್ಕಳನ್ನೆಲ್ಲ ಕಟ್ಟಿಕೊಂಡು ಬುತ್ತಿಯ ಗಂಟು ಹೊತ್ತು ಆ ಮರದ ಕೆಳಗೆ ಬಂದಳು.

"ಅಳಿಲಕ್ಕಾ, ಒಂದು ಮಾತು" ಅಂದಿತು ಮರ. "ನನ್ನ ಬುಡಕ್ಕೆ ಗೆದ್ದಲು ಹತ್ತಿದೆ. ಬರುವ ವರ್ಷ ಹೂ ಬಿಡುತ್ತೇನೋ ಇಲ್ಲವೋ. ಮೇಲೆ ನೋಡು, ಉಳಿದಿರುವುದು ಅದೊಂದೇ ಕಾಯಿ. ಅದು ಹಣ್ಣಾದರೆ ನನ್ನ ಬೀಜ ಮಣ್ಣು ಸೇರುತ್ತೆ. ಆಗದಿದ್ದರೆ ನನ್ನ ಜೊತೆಗೆ ಸೀತಾಫಲ ಅನ್ನುವ ಹೆಸರೂ ಮುಗಿಯಿತು. ನಿನ್ನ ಹಾಗೆ ಅಲ್ಲಾಡದೆ ಕೂರುವವರು ಯಾರಿದ್ದಾರೆ? ಹೊತ್ತು ಮುಳುಗುವವರೆಗೆ ಅದನ್ನು ಕಾಯಿ, ತಾಯಿ. ತಿರುಳೆಲ್ಲ ನಿನ್ನ ಮಕ್ಕಳಿಗೆ. ಬೀಜ ಮಾತ್ರ ನನಗೆ."

"ಅಷ್ಟೇನಾ?" ಅಂದಳು ಅಳಿಲಕ್ಕ. "ಕೂರುವುದು ನಮ್ಮ ಮನೆತನದ ಕೆಲಸ ಕಣಮ್ಮಾ." ಮೇಲೆ ಹತ್ತಿ ಹಣ್ಣಿನ ಪಕ್ಕದಲ್ಲಿ ಕೂತಳು. ಕಲ್ಲಿನ ಹಾಗೆ.

ಕೆಳಗಿನಿಂದ ಮಕ್ಕಳು ಕೂಗಿದವು. "ಆಯ್ತಾ ಅಮ್ಮ?"

"ಇನ್ನೂ ಇಲ್ಲ ಕಂದ."

ಮೊದಲು ಬಂದದ್ದು ಗಾಳಿ. ಗಾಳಿಗೆ ಎಷ್ಟು ಹೆಬ್ಬೆರಳು ಅಂತ ನಾನೊಮ್ಮೆ ಎಣಿಸಲು ಹೋಗಿ ಸೋತಿದ್ದೇನೆ. ನಾನು ಸೋತ ಕೆಲಸ ಅಂತ ಇದ್ದರೆ ಅದೊಂದೇ. "ಅಕ್ಕಾ, ಬರೀ ಒಂದು ಸಲ, ಮೆಲ್ಲಗೆ" ಅಂತ ಗಾಳಿ ಎಡಗಡೆಯಿಂದ ಒತ್ತಿತು. ಅಳಿಲಕ್ಕ ಎಡಗಡೆಗೆ ಹಾರಿದಳು. ಅಷ್ಟರಲ್ಲಿ ಬಲಗಡೆ ಗಿಳಿ ಬಂದು ಕೊಕ್ಕಿನಿಂದ ಒತ್ತಿತು. "ಬರೀ ಒಂದು ಸಲ!" ಅಳಿಲಕ್ಕ ಬಲಗಡೆಗೆ ಹಾರಿದಳು. ಕೆಳಗಿನಿಂದ ಮಂಗಣ್ಣ ಕೈ ಚಾಚಿದ. "ಏ, ಕೈ ತೆಗಿ!" ಅಂತ ಕೆಳಗೆ ಓಡಿದಳು. ಕರಡಿ ಮಾವ ಕೊಂಬೆಯನ್ನೇ ಬಗ್ಗಿಸಿ ಮೇಲಿನಿಂದ ಒತ್ತಿದ. "ಮೆಲ್ಲಗೇ ಒತ್ತಿದೆ ಕಣಮ್ಮಾ" ಅಂದ. ಕರಡಿಯ ಮೆಲ್ಲಗೆ ಹೇಗಿರುತ್ತೆ ಅಂತ ನನ್ನ ಭುಜ ಕೇಳು, ಹೇಳುತ್ತೆ.

"ಕರಡಿ ನಿನ್ನ ಭುಜ ಯಾಕೆ ಒತ್ತಿತು ಮಾವ?"

ಕುಸ್ತಿಯಲ್ಲಿ ಗೆದ್ದ ನನಗೆ ಶಭಾಷ್ ಅನ್ನುವುದಕ್ಕೆ. ಕಥೆ ಕೇಳು.

ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ. ಕೂತು ಕೂತು ಅಭ್ಯಾಸವಿದ್ದ ಅಳಿಲಕ್ಕನಿಗೆ ಬೆಳಗಿನಿಂದ ಒಂದು ಕ್ಷಣ ಕೂರಲಾಗಲಿಲ್ಲ. ಬಾಲ ತಾನಾಗಿಯೇ ಎಗರತೊಡಗಿತು. ಹಣ್ಣಿನ ಮೈಯೆಲ್ಲ ತಗ್ಗು ಬಿದ್ದಿತ್ತು.

ಮರ ಮಾತ್ರ ಹಣ್ಣಿನ ಕಿವಿಯಲ್ಲಿ ಹೇಳುತ್ತಲೇ ಇತ್ತು. "ತಡಕೋ ಮಗಳೇ. ಒತ್ತಿದ ಕಡೆ ತಗ್ಗಿಬಿಡು, ಒತ್ತದ ಕಡೆ ಉಬ್ಬಿಬಿಡು. ಒಂದು ಕಡೆಯ ನೋವು ಇನ್ನೊಂದು ಕಡೆಗೆ ಹರಡದ ಹಾಗೆ ನಡುವೆ ಬದು ಹಾಕಿಕೋ."

"ಆಯ್ತಾ ಅಮ್ಮ?"

"ಇನ್ನೂ ಇಲ್ಲ ಕಂದ."

ಸಂಜೆಯಾಯಿತು. ಮಂಗಣ್ಣ ಹೋದ, ಗಿಳಿ ಹೋಯಿತು, ಕರಡಿ ಮಾವ ಗವಿಗೆ ಹೋದ. ಗಾಳಿಯೂ ಸುಸ್ತಾಗಿ ಹುಲ್ಲಿನಲ್ಲಿ ಮಲಗಿತು. ಹಣ್ಣು ಬೆಳಿಗ್ಗೆ ಎಷ್ಟು ಹಸಿರಾಗಿತ್ತೋ ಈಗಲೂ ಅಷ್ಟೇ ಹಸಿರು. ಕೆಳಗೆ ಬುತ್ತಿ ಖಾಲಿ. ಮಕ್ಕಳು ಅಳುತ್ತಿದ್ದವು. ಗಂಡ ಗೊರಕೆ ಹೊಡೆಯುತ್ತಿದ್ದ. ಅತ್ತೆ ಸುಮ್ಮನಿರಬೇಕಲ್ಲ?

"ಅದು ಹಣ್ಣೂ ಆಗಲ್ಲ, ಮಣ್ಣೂ ಆಗಲ್ಲ. ಮಕ್ಕಳ ಹೊಟ್ಟೆ ಒಣಗಿಸ್ಕೊಂಡು ಅಲ್ಲೇನು ಮಾಡ್ತಿದ್ದೀಯೇ? ಇಳಿದು ಬಾ!"

ಅಳಿಲಕ್ಕ ಹಣ್ಣು ನೋಡಿದಳು. ಇಳಿಯುವ ಸೂರ್ಯನನ್ನು ನೋಡಿದಳು. ಒಳಗೆ ಬಲಿತಿದೆಯೋ? ಕೊಳೆತಿದೆಯೋ? ದಿನವಿಡೀ ಓಡಿದ್ದೆಲ್ಲ ದಂಡವಾಯಿತೋ? ಅವಳ ಹೆಬ್ಬೆರಳು ತುರಿಸಿತು.

"ಬರೀ ಒಂದು ಸಲ" ಅಂದಳು ಅಳಿಲಕ್ಕ. "ಮೆಲ್ಲಗೆ."

ಒತ್ತಿಬಿಟ್ಟಳು.

ಮರ ಬೈಯಲಿಲ್ಲ. ಒಂದು ಎಲೆ ಉದುರಿಸಿ ಕೇಳಿತು. "ನೀನೂನಾ, ಅಳಿಲಕ್ಕಾ?"

ಅಳಿಲಕ್ಕ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಬಚ್ಚಿಟ್ಟುಕೊಂಡಳು. ಕೂರಲು ನೋಡಿದಳು, ಕೂರಲಾಗಲಿಲ್ಲ. ಕೊಂಬೆಯ ತುದಿಗೆ ಓಡಿದಳು, ಬುಡಕ್ಕೆ ಓಡಿದಳು, ಹಣ್ಣಿನ ಸುತ್ತ ಸುತ್ತಿದಳು. "ಕೊಳೀಬೇಡ ತಾಯಿ. ಚಿಕ್ ಚಿಕ್. ಕೊಳೀಬೇಡ. ಚಿಕ್ ಚಿಕ್." ಹೊತ್ತು ಗುಡ್ಡದ ಅಂಚಿಗೆ ಇಳಿಯಿತು. ಅರ್ಧ ಇಳಿಯಿತು. ಒಂದು ಉಗುರಿನಷ್ಟು ಉಳಿಯಿತು.

ಆಗ ಕೆಳಗಿನಿಂದ ಕಿರಿಯ ಮರಿ ಕೂಗಿತು. "ಅಮ್ಮಾ! ಹಣ್ಣಿನ ಮೇಲೆ ಬಿಳೀ ಗೆರೆ!"

ಹೌದು. ಒಳಗಿನ ತಿರುಳು ಬಲಿತು ಹಿಗ್ಗಿದ್ದಕ್ಕೆ ಉಬ್ಬುಗಳು ಒಂದರಿಂದ ಒಂದು ಬಿಡಿಸಿಕೊಂಡಿದ್ದವು. ತಗ್ಗುಗಳಲ್ಲೆಲ್ಲ ಬೆಣ್ಣೆಯ ಬಣ್ಣದ ಗೆರೆ. ಯಾರೂ ಮುಟ್ಟಬೇಕಾಗಿರಲಿಲ್ಲ. ನೆಲದ ಮೇಲೆ ನಿಂತ ಮರಿಗೂ ಕಾಣುತ್ತಿತ್ತು.

"ಆಯ್ತಾ ಅಮ್ಮ?"

"ಆಯ್ತು ಕಂದ" ಅಂದಳು ಅಳಿಲಕ್ಕ. ಹಣ್ಣು ತಾನಾಗಿಯೇ ತೊಟ್ಟು ಬಿಟ್ಟು, ಹುಲ್ಲಿನ ಮೇಲೆ ಬಿದ್ದು ತೆರೆದುಕೊಂಡಿತು.

ಒಳಗೆ ಕರಿಯ ಬೀಜಗಳು ಮಿರಮಿರ ಮಿಂಚುತ್ತಿದ್ದವು. ಗಾಳಿ ಒತ್ತಿದ ಕಡೆ ಏನೂ ಆಗಿರಲಿಲ್ಲ, ಕರಡಿ ಒತ್ತಿದ ಕಡೆಯೂ ಏನೂ ಆಗಿರಲಿಲ್ಲ. ಅಳಿಲಕ್ಕ ಒತ್ತಿದಲ್ಲಿ ಮಾತ್ರ ಒಂದು ಬೀಜ ಮುರುಟಿಹೋಗಿತ್ತು. ಅವಳು ಅದನ್ನೂ ಬಿಡಲಿಲ್ಲ. ಮಕ್ಕಳು, ಅತ್ತೆ, ಆಗ ತಾನೇ ಎದ್ದ ಗಂಡ, ಎಲ್ಲರೂ ಉಗುಳಿದ ಬೀಜಗಳನ್ನು ಆರಿಸಿ ಗುಡ್ಡದ ಉದ್ದಕ್ಕೂ ಓಡಿ ಓಡಿ ಹೂತಳು. ಮುರುಟಿದ ಬೀಜಕ್ಕೂ ಒಂದು ಗುಂಡಿ ತೋಡಿದಳು.

"ಸಾಕು ಬಾ, ಸುಧಾರಿಸಿಕೋ" ಅಂದಿತು ಮರ. "ನನ್ನ ಮಕ್ಕಳೆಲ್ಲ ಇನ್ನು ಇದೇ ಉಬ್ಬಿನ ಮೈಯಲ್ಲಿ ಹುಟ್ಟಲಿ. ಹಣ್ಣಾದದ್ದು ಕಣ್ಣಿಗೇ ಕಾಣಲಿ."

"ಕೂರಲ್ಲ ತಾಯಿ" ಅಂದಳು ಅಳಿಲಕ್ಕ. "ಕೂತರೆ ಈ ಕೈ ಸುಮ್ಮನಿರಲ್ಲ." ಮಡಚಿದ ಹೆಬ್ಬೆರಳನ್ನು ಅವಳು ಮತ್ತೆ ಬಿಚ್ಚಲೇ ಇಲ್ಲ. ಮಡಚಿ ಮಡಚಿ ಅದು ಅಂಗೈಯಲ್ಲೇ ಕರಗಿಹೋಯಿತು.

ಬೇರೆ ಮಾವಂದಿರು ಒಂದು ಕಥೆಗೆ ಒಂದು ಉತ್ತರ ಕೊಡುತ್ತಾರೆ ಚಂಪಿ. ನನ್ನದು ಹಾಗಲ್ಲ, ಹಣ್ಣಿನ ಉಬ್ಬು, ಅಳಿಲಿನ ಓಟ, ಅದರ ಬೆರಳು, ಎಲ್ಲ ಒಂದೇ ಬುಟ್ಟಿಯಲ್ಲಿ.

"ಸುಳ್ಳು! ಅಳಿಲಿಗೆ ಹೆಬ್ಬೆರಳು ಇದ್ದೇ ಇರುತ್ತೆ."

ಅಗೋ, ಆ ಕೊಂಬೆಯ ಮೇಲೆ ಒಂದು ಹಣ್ಣಿನ ಚೂರು ಹಿಡಿದು ಕೂತಿದೆ. ಎಣಿಸು ನೋಡೋಣ. ಬೇಗ, ಅದು ಹೆಚ್ಚು ಹೊತ್ತು ಕೂರಲ್ಲ.

"ಒಂದು, ಎರಡು, ಮೂರು, ನಾಲ್ಕು... ಅಯ್ಯೋ ಮಾವ, ನಾಲ್ಕೇ! ಅಮ್ಮಾ, ಒತ್ತಬೇಡಮ್ಮಾ, ನಿನ್ನ ಬೆರಳು ಹೋಗುತ್ತೆ!"

ಅದಕ್ಕೇ ನೋಡು, ಇವತ್ತಿಗೂ ಸೀತಾಫಲ ಮೈತುಂಬ ಉಬ್ಬು ಹೊತ್ತು, ಹಣ್ಣಾದಾಗ ಬಿಳಿ ಗೆರೆ ತೋರಿಸಿ ದೂರದಿಂದಲೇ ಕರೆಯುತ್ತದೆ. ಅಳಿಲು ಒಂದು ತುತ್ತು ತಿಂದು ಬಾಲ ಎಗರಿಸಿ ಇನ್ನೊಂದು ಕೊಂಬೆಗೆ ಓಡುತ್ತದೆ. ಒಂದು ಕ್ಷಣ ನಿಲ್ಲದ ನೀನೂ ಈಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮುಟ್ಟದೆ, ಬರೀ ನೋಡುತ್ತಾ ನಿಂತಿದ್ದೀಯ.